ಸಾಕಮ್ಮಕ್ಕ ಗಾಳಿಯಾಡಿಸಿದ ಕಪ್ಪೆ

ಸಾತನೂರು

ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಅಲ್ಲಿ ಏನೇನು ನೋಡಿದಿರಿ ಎಂದು. ಕಪ್ಪೆ ನೋಡಿದೆ. ಮೂರು ವಾರ, ದಿನಕ್ಕೆ ಆರು ಗಂಟೆ, ಗಾಜಿನ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕಪ್ಪೆ ನೋಡಿದೆ. ಅದರಲ್ಲೂ ಮುಕ್ಕಾಲು ಪಾಲು ಹೊತ್ತು ಕಪ್ಪೆ ಕಾಣಿಸಲೇ ಇಲ್ಲ. ಅರಮನೆ, ಗಡಿಯಾರದ ಗೋಪುರ, ನದಿಯ ಮೇಲಿನ ಸೇತುವೆ ಯಾವುದೂ ನನಗೆ ಗೊತ್ತಿಲ್ಲ, ದಯವಿಟ್ಟು ಕೇಳಬೇಡಿ.

ನಮ್ಮದು ಸಾತನೂರಿನ ಹತ್ತಿರ ಒಂದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆಯಿಂದ ಆಗತಾನೆ ಹೊರಬಂದ ಮರಿಹುಳುಗಳನ್ನು, ಅವು ಎರಡು ಸಲ ಪೊರೆ ಕಳಚುವವರೆಗೆ ಸಾಕಿ, ಆಮೇಲೆ ಸುತ್ತಲಿನ ರೈತರಿಗೆ ಕೊಡುವ ಕೆಲಸ. ಕೇಂದ್ರದ ಕಾಗದಪತ್ರ, ಫೋನು, ಇಂಗ್ಲಿಷು ನನ್ನವು. ಹುಳುಗಳು ಮಾತ್ರ ನನ್ನ ಓರಗಿತ್ತಿ ಸಾಕಮ್ಮನವು. ಮಾಗಡಿ ಕಡೆಯ ಹೆಣ್ಣು, ನನ್ನ ಭಾವನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ರೇಷ್ಮೆ ವಿಷಯದಲ್ಲಿ ನಾನು ಕಾಲೇಜಿನಲ್ಲಿ ಮೂರು ವರ್ಷ ಓದಿದ್ದನ್ನು ಅಕ್ಕ ಒಂದು ತಟ್ಟೆ ಮುಟ್ಟಿ ನೋಡಿ ಹೇಳುತ್ತಾಳೆ, ಮತ್ತು ಹಾಗೆ ಹೇಳಿದ್ದನ್ನು ನನಗೆ ಮರೆಯಲು ಬಿಡುವುದಿಲ್ಲ.

ಹೋದ ವರ್ಷ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನೋಡಲು ಬಂದಿದ್ದ ಹೆಲೆನ್ ಎಂಬ ಇಂಗ್ಲಿಷ್ ಹೆಂಗಸು ಅಲ್ಲಿ ಯಾರೋ ಹೇಳಿದರೆಂದು ನಮ್ಮಲ್ಲಿಗೂ ಬಂದಳು. ನರೆತ ಕೂದಲು, ಮಂಡಿಯವರೆಗೆ ಕೆಸರು, ಮಾತು ಕಡಿಮೆ. ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಕ್ಕನ ಹುಳುಗಳನ್ನು ಅರ್ಧ ಗಂಟೆ ನೋಡಿದಳು. ಆಮೇಲೆ ವಿಷಯ ಬಿಚ್ಚಿದಳು. ದೂರದ ಯಾವುದೋ ಬೆಟ್ಟಗಾಡಿನಲ್ಲಿ ಒಂದು ಜಾತಿಯ ಸಣ್ಣ ಎಲೆಗಪ್ಪೆ ಇದೆಯಂತೆ. ಚರ್ಮಕ್ಕೆ ಬೂಷ್ಟು ಹಿಡಿಯುವ ರೋಗ ಬಂದು ಅಲ್ಲಿ ಹೆಚ್ಚುಕಡಿಮೆ ನಿರ್ನಾಮವಾಗಿದೆಯಂತೆ. ಉಳಿದ ಕೆಲವನ್ನು ಇವಳು ತನ್ನ ಊರಿನಲ್ಲಿ ಕೋಣೆ ಕಟ್ಟಿ ಸಾಕುತ್ತಾಳೆ. ಅವಕ್ಕೆ ಮೆತ್ತನೆಯ ಮರಿಹುಳು ಬೇಕು, ಇವಳು ಸಾಕಿದವೆಲ್ಲ ನಾಲ್ಕೇ ದಿನಕ್ಕೆ ಸಾಯುತ್ತವೆ. ನೀವಿಬ್ಬರೂ ಬಂದು ಕಲಿಸಿಕೊಡುತ್ತೀರಾ ಎಂದಳು.

ಅಕ್ಕನಿಗೆ ಹೇಳಿದೆ. "ನಾನು ಕಪ್ಪೆ ಓಡ್ಸಾಕೆ ಅಂತ್ಲೇ ಬಾಗ್ಲಲ್ಲಿ ಪೊರಕೆ ಮಡಗಿವ್ನಿ. ಇವಮ್ಮ ನೋಡುದ್ರೆ ಕಪ್ಪೆಗೆ ಹುಳ ಮೇಯ್ಸು ಅಂತಾಳೆ. ತಲೆ ನೆಟ್ಗೈತಾ ಒಸಿ ಕೇಳು" ಎಂದಳು.

"ಬಹಳ ಸಂತೋಷ ಅನ್ನುತ್ತಿದ್ದಾರೆ" ಎಂದು ನಾನು ಹೆಲೆನ್‌ಗೆ ಹೇಳಿದೆ. ಎರಡು ಭಾಷೆಯ ನಡುವೆ ನಿಂತವರಿಗೆ ಎಲ್ಲವನ್ನೂ ದಾಟಿಸುತ್ತ ಕೂರುವ ತಾಳ್ಮೆ ಇರುವುದಿಲ್ಲ. ನನಗಂತೂ ಮೊದಲಿಂದಲೂ ಇಲ್ಲ.

ವಿಮಾನ ನಿಲ್ದಾಣ

ಇಂಗ್ಲೆಂಡಿನಲ್ಲಿ ಇಳಿದ ಕೂಡಲೇ ನಮ್ಮನ್ನು ತಡೆದದ್ದು ಒಂದು ಕೋಳಿಗರಿ. ಮರಿಹುಳು ಮೊಟ್ಟೆಯೊಡೆದು ಬಂದಾಗ ಕೂದಲೆಳೆಯಷ್ಟಿರುತ್ತದೆ, ಕೈಯಲ್ಲಿ ಮುಟ್ಟುವಂತಿಲ್ಲ. ಗರಿಯಿಂದ ಸವರಿ ತಟ್ಟೆಗಿಳಿಸಬೇಕು. ಅಕ್ಕನ ಗರಿ ಅವಳ ತವರಿನದು. ಅದನ್ನು ಸೀರೆಯ ಮಡಿಕೆಯಲ್ಲಿಟ್ಟು ತಂದಿದ್ದಾಳೆಂದು ನನಗೆ ತಿಳಿದದ್ದು ಅಲ್ಲಿನ ಅಧಿಕಾರಿ ಅದನ್ನು ಚಿಮಟಿಗೆಯಲ್ಲಿ ಎತ್ತಿ ಹಿಡಿದಾಗ.

"ಇದು ಯಾವ ಹಕ್ಕಿಯದು?" ಎಂದು ಕೇಳಿದ.

"ನಮ್ ಕೆಂಪು ಹುಂಜದ್ದು ಅಂತ ಹೇಳು. ಹುಂಜ ಸತ್ತು ಆರೊರ್ಸ ಆಯ್ತು, ಅದ್ಕೆ ಯಾವ ರೋಗಾನೂ ಇರ್ಲಿಲ್ಲ, ವಯಸ್ಸಾಗಿ ಸತ್ತದ್ದು ಅಂತ್ಲೂ ಹೇಳು."

ನಮ್ಮ ಹಿಂದೆ ಐವತ್ತು ಜನ ನಿಂತಿದ್ದರು. "ತಗೊಳ್ಳಿ" ಎಂದಷ್ಟೇ ಹೇಳಿದೆ. ಆತ ಗರಿಗೆ ಒಂದು ರಸೀದಿ ಬರೆದುಕೊಟ್ಟ. ನಮ್ಮಲ್ಲಿ ಹೊಲ ಕೊಟ್ಟರೂ ಇಷ್ಟು ಬೇಗ ಕಾಗದ ಸಿಗುವುದಿಲ್ಲ. ಅಕ್ಕ ಆ ರಸೀದಿಯನ್ನು ಗರಿ ಇದ್ದ ಮಡಿಕೆಯಲ್ಲೇ ಇಟ್ಟುಕೊಂಡಳು. ನಾನು ಹುಂಜದ ಕಥೆ ಹೇಳಲಿಲ್ಲವೆಂದು ಬಸ್ಸು ಹತ್ತುವವರೆಗೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಹೆಲೆನ್ ಊರು

ಹೆಲೆನ್‌ಗೆಂದು ಚನ್ನಪಟ್ಟಣದಿಂದ ಮರದ ಗಿಲಕಿ ಒಯ್ದಿದ್ದೆ. ಬಣ್ಣ ನೋಡಿ ಬಹಳ ಮೆಚ್ಚಿದಳು. ಮೆಚ್ಚಿ, ಒಂದು ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಐಸಿನ ಖಾನೆಯಲ್ಲಿ ಇಟ್ಟಳು. ಮರದೊಳಗೆ ಹುಳು ಇದ್ದರೆ ಸಾಯಲಿ ಎಂದು. ನಾವು ಊರು ಬಿಡುವ ದಿನವೂ ಅದು ಬಟಾಣಿ ಪೊಟ್ಟಣದ ಪಕ್ಕದಲ್ಲೇ ಇತ್ತು.

ಊರು ಚಿಕ್ಕದು, ಚೊಕ್ಕ, ಮತ್ತು ಸುಮ್ಮನೆ ಕೂತವರಿಗೆ ಹುಚ್ಚು ಹಿಡಿಸುವಷ್ಟು ನಿಶ್ಶಬ್ದ. ಬಸ್ಸಿನಲ್ಲಿ ನಾಯಿಗಳು ಸೀಟಿನ ಕೆಳಗೆ ಮರ್ಯಾದೆಯಿಂದ ಕೂರುತ್ತವೆ. ಜನ ನಾಯಿಯ ಜೊತೆ ಮಾತಾಡುತ್ತಾರೆ, ಪಕ್ಕದಲ್ಲಿ ಕೂತವರ ಜೊತೆ ಇಲ್ಲ. ಕನಕಪುರದಿಂದ ಸಾತನೂರಿಗೆ ಬರುವಷ್ಟರಲ್ಲಿ ನಮ್ಮ ಬಸ್ಸಿನಲ್ಲಿ ಒಬ್ಬರ ಮಗಳ ಮದುವೆ, ಇನ್ನೊಬ್ಬರ ಮೊಣಕಾಲು ನೋವು ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಮೂರು ವಾರ ಒಂದೇ ಬಸ್ಸಿನಲ್ಲಿ ಓಡಾಡಿ ನಾವು ತಿಳಿದುಕೊಂಡದ್ದು ಒಂದು ನಾಯಿಯ ಹೆಸರು.

ಹಿಪ್ಪುನೇರಳೆ ಸೊಪ್ಪಿಗೆ ಚರ್ಚಿನ ಅಂಗಳದ ಒಂದು ಮುದಿ ಮರವೇ ಗತಿ. ಕೊಂಬೆಗಳಿಗೆಲ್ಲ ಊರುಗೋಲು ಕೊಟ್ಟು ನಿಲ್ಲಿಸಿದ್ದರು. ಅಕ್ಕ ಮರವನ್ನು ಸುತ್ತು ಹಾಕಿ, "ನಿನ್ನ ಯಾರೂ ಕಟಾವ್ ಮಾಡ್ನಿಲ್ವೇನವ್ವ, ಹಿಂಗ್ ಬೆಳ್ದ್ಬುಟ್ಟಿದ್ದೀಯ" ಎಂದು ಅದರ ಬೊಡ್ಡೆ ತಟ್ಟಿದಳು. ದಿನಾ ಬೆಳಿಗ್ಗೆ ಚರ್ಚಿನ ತೋಟಗಾರ ಒಂದು ಚೀಲ ಎಳೆ ಸೊಪ್ಪು ಕುಯ್ದು ತಂದುಕೊಡುವುದೆಂದು ಏರ್ಪಾಡಾಯಿತು.

ಕಪ್ಪೆ ಮನೆ, ಮೊದಲ ದಿನ

ಹೊರಗೆ ಹಗಲಾದರೆ ಆ ಕೋಣೆಯಲ್ಲಿ ರಾತ್ರಿ. ಎಲೆಗಪ್ಪೆ ಓಡಾಡುವುದು ರಾತ್ರಿ ಹೊತ್ತು, ನೋಡುವವರು ಎಚ್ಚರವಿರುವುದು ಹಗಲು. ಅದಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ದೀಪಗಳು ತಾವಾಗಿ ಆರಿ, ಒಂದು ಕೆಂಪು ಬಲ್ಬು ಮಾತ್ರ ಉರಿಯುವಂತೆ ಮಾಡಿದ್ದರು. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ದೇವಸ್ಥಾನದ ಗರ್ಭಗುಡಿಗೆ ಹೋದಂತೆ ಕಣ್ಣು ಕತ್ತಲೆಗಟ್ಟುತ್ತಿತ್ತು.

ಒಳಗೆ ಹೋಗಲು ಚಪ್ಪಲಿ ಬಿಡಬೇಕು, ಬೇರೆ ಬೂಟು ಹಾಕಬೇಕು, ಬೂಟನ್ನು ಔಷಧಿ ನೀರಿನಲ್ಲಿ ಅದ್ದಬೇಕು, ಕೈ ತೊಳೆದು ಕೈಗವಸು ತೊಡಬೇಕು. ಅಕ್ಕನಿಗೆ ಅಲ್ಲಿ ಮೊದಲು ಹಿಡಿಸಿದ್ದೇ ಇದು. ನಮ್ಮ ಹುಳು ಮನೆಯಲ್ಲೂ ಬ್ಲೀಚಿಂಗ್ ಪುಡಿ ತುಳಿಯದೆ ದೇವರು ಬಂದರೂ ಒಳಗೆ ಬಿಡುವುದಿಲ್ಲ.

ಆಮೇಲೆ ಹೆಲೆನ್ ಪ್ಲಾಸ್ಟಿಕ್ ಹಾಳೆಯಲ್ಲಿ ಅಚ್ಚು ಹಾಕಿಸಿದ ನಿಯಮಗಳನ್ನು ಓದತೊಡಗಿದಳು. ಹತ್ತೊಂಬತ್ತು ನಿಯಮ. ಒಂದೊಂದನ್ನೂ ಓದಿ, ನನ್ನ ಮುಖ ನೋಡಿ, ಅರ್ಥವಾಯಿತೇ ಎಂದು ಕೇಳಿ ಮುಂದಕ್ಕೆ ಹೋಗುತ್ತಿದ್ದಳು. ವಿಮಾನದ ನಿದ್ದೆ ಕಣ್ಣಲ್ಲಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಪೂರ್ತಿ ಓದಲು ಅವಳಿಗೆ ಇಪ್ಪತ್ತು ನಿಮಿಷ ಹಿಡಿಯಿತು.

"ಏನಂತೆ?" ಎಂದಳು ಅಕ್ಕ.

"ಕೈ ತೊಳಿಬೇಕಂತೆ, ಬೂಟು ಅದ್ದಬೇಕಂತೆ, ಕಪ್ಪೇನ ಮುಟ್ಟಬಾರದಂತೆ, ಜೋರಾಗಿ ಮಾತಾಡಬಾರದಂತೆ. ಅಷ್ಟೆ."

ಅಕ್ಕ ಹೆಲೆನ್‌ಳ ಕೈಯಲ್ಲಿದ್ದ ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ತಲೆಯಾಡಿಸಿದಳು.

ಕಪ್ಪೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಕಡ್ಡಿ ಕಾಲು, ದೊಡ್ಡ ಬಿಳಿ ಕಣ್ಣು. ದೀಪವಿದ್ದಾಗ ಹಸಿರು, ಆರಿದ ಮೇಲೆ ಕಂದು. ಮಲಗಿದರೆ ಎಲೆಯ ಅಡಿಗೆ ಅಂಟಿಕೊಂಡು ಎಲೆಯೇ ಆಗಿಬಿಡುತ್ತದೆ. ಒಟ್ಟು ಹನ್ನೆರಡು ಇದ್ದವು, ಅದರಲ್ಲಿ ಹೆಣ್ಣು ಮೂರು. ಎರಡಕ್ಕೆ ವಯಸ್ಸು ಮೀರಿತ್ತು. ಉಳಿದದ್ದು ಏಳನೇ ನಂಬರಿನದು ಒಂದೇ. ಈ ಬೇಸಿಗೆಯಲ್ಲಿ ಈ ಏಳನೆಯದು ಮೊಟ್ಟೆಯಿಡದಿದ್ದರೆ ನನ್ನ ಹತ್ತಿರ ಈ ವಂಶ ಮುಗಿಯಿತು ಎಂದು ಹೆಲೆನ್ ಬೂಟು ತೊಳೆಯುತ್ತ ಹೇಳಿದಳು. ಹದಿಮೂರು ವರ್ಷದಿಂದ ಆಕೆ ಇದೇ ಕೆಲಸದಲ್ಲಿದ್ದಾಳೆ. ಇದನ್ನು ಮಾತ್ರ ಅಕ್ಕನಿಗೆ ಪೂರ್ತಿ ಹೇಳಿದೆ. ಅಂದಿನಿಂದ ಅಕ್ಕ ಆ ಕಪ್ಪೆಯನ್ನು ಏಳಮ್ಮ ಎಂದೇ ಕರೆದಳು.

ಐದನೇ ದಿನ

ಪಕ್ಕದ ಕೋಣೆಯಲ್ಲಿ ಅಕ್ಕ, ಹೆಲೆನ್ ತರಿಸಿಟ್ಟಿದ್ದ ರೇಷ್ಮೆ ಮೊಟ್ಟೆಗಳಿಂದ ಚಾಕಿ ಹೂಡಿದ್ದಳು. ನಡುವೆ ಪ್ಲಾಸ್ಟಿಕ್ ಪರದೆ ಅಷ್ಟೆ. ತಟ್ಟೆಗೆ ಮೇಣದ ಹಾಳೆ ಹಾಸಿ, ಅದರ ಮೇಲೆ ಹೆಚ್ಚಿದ ಎಳೆ ಸೊಪ್ಪು, ಸುತ್ತ ಒದ್ದೆ ಮಾಡಿದ ಸ್ಪಾಂಜಿನ ಪಟ್ಟಿ, ಮೇಲೊಂದು ಮೇಣದ ಹಾಳೆ. ಒಳಗೆ ತೇವ ನಿಲ್ಲಬೇಕು, ಸೊಪ್ಪು ಬಾಡಬಾರದು. ಗರಿಯ ಬದಲು ಹೆಲೆನ್ ಕೊಟ್ಟ ಚಿತ್ರದ ಕುಂಚ. ಐದನೇ ದಿನಕ್ಕೆ ಒಂದು ಹುಳುವೂ ಸತ್ತಿರಲಿಲ್ಲ. ಹೆಲೆನ್ ಎರಡು ಸಲ ತಲೆಯಾಡಿಸಿದಳು. ಅವಳ ಮಟ್ಟಿಗೆ ಅದು ಮೆರವಣಿಗೆ ಮಾಡಿದಂತೆ. ದಿನಾ ಬೆಳಿಗ್ಗೆ ಕಪ್ಪೆಗಳ ಪೆಟ್ಟಿಗೆಗೆ ಹುಳು ಹಾಕುವುದನ್ನೂ ಅಕ್ಕನಿಗೇ ಬಿಟ್ಟಳು.

ನನಗೆ ಕೆಲಸವಿರಲಿಲ್ಲ. ಕೆಲಸವಿಲ್ಲದವರನ್ನು ಕಂಡರೆ ಹೆಲೆನ್‌ಗೆ ಆಗುವುದಿಲ್ಲವಾಗಿ ನನ್ನ ಕೈಗೆ ಒಂದು ಪಟ್ಟಿ ಕೊಟ್ಟಳು. ಐದೈದು ನಿಮಿಷಕ್ಕೆ ಒಂದೊಂದು ಕಪ್ಪೆ ಎಲ್ಲಿದೆ, ಏನು ಮಾಡುತ್ತಿದೆ ಬರೆಯಬೇಕು. ಎಲೆಯ ಮೇಲೆ, ಎಲೆಯ ಅಡಿಗೆ, ಕಾಂಡ, ನೀರು, ಗಾಜು, ಕಾಣಿಸುತ್ತಿಲ್ಲ. ಏನು ಮಾಡುತ್ತಿದೆ ಎನ್ನುವ ಕಡೆ ನಾನು ಇಡೀ ದಿನ ಕೂತಿದೆ, ಕೂತಿದೆ, ಕೂತಿದೆ ಎಂದು ಬರೆದೆ. ಮಧ್ಯಾಹ್ನದ ಹೊತ್ತಿಗೆ ಕಪ್ಪೆಗಿಂತ ಹೆಚ್ಚಾಗಿ ನಾನೇ ಕೂತಿದ್ದೇನೆ ಅನ್ನಿಸಿತು.

ಆ ಪೆಟ್ಟಿಗೆಗಳಲ್ಲಿ ಹೆಲೆನ್ ಕಾಡನ್ನೇ ತಂದಿಟ್ಟಿದ್ದಳು. ಪಾಚಿ, ತೊಗಟೆ, ಅಗಲ ಎಲೆಯ ಗಿಡ, ನೀರಿನ ಹೊಂಡ. ಈ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಯ ಅಡಿಗೆ ಮೊಟ್ಟೆಯಿಡುತ್ತದೆಯಂತೆ, ಅದಕ್ಕೆ ಬಾಗಿದ ಎಲೆಗಳನ್ನು ಅಳೆದು ನೆಟ್ಟಿದ್ದಳು. ಕಪ್ಪೆಗಳು ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಮೇಲಿನ ಮೂಲೆಯಲ್ಲಿ ನೀರು ಸಿಂಪಡಿಸುವ ಕೊಳವೆಯ ಹಿಂದೆ, ಪ್ಲಾಸ್ಟಿಕ್ಕಿಗೆ ಮೈ ಅಂಟಿಸಿಕೊಂಡು ಕೂರುತ್ತಿದ್ದವು. ಅಲ್ಲಿಗೆ ಯಾಕೆ ಹೋಗುತ್ತವೆ ಎಂದು ಕೇಳಿದೆ. "ಗೊತ್ತಿಲ್ಲ, ಅದಕ್ಕೇ ಬರೆಯುವುದು" ಎಂದಳು.

ಒಂಬತ್ತನೇ ದಿನ

ಬೆಳಿಗ್ಗೆ ಪಟ್ಟಿ ಹಿಡಿದು ಕೂತೆ. ಏಳನೇ ನಂಬರು: ಕಾಣಿಸುತ್ತಿಲ್ಲ. ಹತ್ತು ಗಂಟೆಗೂ ಅದೇ, ಹನ್ನೊಂದಕ್ಕೂ ಅದೇ. ಅದರಲ್ಲಿ ವಿಶೇಷವೇನೂ ಇಲ್ಲವೆಂದು ಬರೆಯುತ್ತ ಹೋದೆ. ಹೆಲೆನ್ ಬಂದು ಹಾಳೆ ನೋಡಿ, ಪೆಟ್ಟಿಗೆ ತೆರೆದು, ಒಂದೊಂದೇ ಎಲೆ ಎತ್ತಿ ನೋಡಿದಳು. ಏಳಮ್ಮ ಇರಲಿಲ್ಲ.

ನಮ್ಮೂರಲ್ಲಾದರೆ ಇಷ್ಟು ಹೊತ್ತಿಗೆ ಕೂಗಾಟ ದೂರದ ಬೈರಾಪಟ್ಟಣಕ್ಕೆ ಕೇಳಿಸಬೇಕಿತ್ತು. ಹೆಲೆನ್ ಬಿಳಿಚಿಕೊಂಡು ಕೂತು, ಟೀ ಮಾಡುತ್ತೇನೆ ಎಂದಳು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಅಕ್ಕನನ್ನು ಕೇಳಿದೆ.

"ಬೆಳಿಗ್ಗೆ ಹುಳ ಹಾಕಕ್ ಮುಂಚೆ ಮುಚ್ಚಳ ತಗ್ದಿದ್ದೆ."

"ಯಾಕೆ ತೆಗೆದೆ?"

"ಗಾಳಿ ಆಡ್ಲಿ ಅಂತ. ದಿನಾ ತಗೀತೀನಿ. ಅರ್ಧ ಗಂಟೆ ಬುಟ್ಟು ಆಮೇಲ್ ಹುಳ ಹಾಕ್ತೀನಿ. ಇವತ್ತು ಆ ಸೊಪ್ಪಿನೋನು ತಡ ಮಾಡ್ದ, ನಾನು ಬಾಗ್ಲಲ್ಲಿ ಕಾಯ್ತಾ ನಿಂತ್ಬುಟ್ಟೆ. ಬರೋವತ್ಗೆ ದೀಪ ಆರ್ಬುಟ್ಟಿತ್ತು."

ಚಾಕಿ ಸಾಕುವವರು ಯಾರನ್ನೇ ಕೇಳಿ, ಸೊಪ್ಪು ಕೊಡುವ ಅರ್ಧ ಗಂಟೆ ಮೊದಲು ಮೇಲಿನ ಹಾಳೆ ತೆಗೆದು ಗಾಳಿಯಾಡಿಸಬೇಕು ಎನ್ನುತ್ತಾರೆ. ಉಸಿರಾಡಿದಷ್ಟೇ ಸಹಜವಾಗಿ ಅಕ್ಕ ಅದನ್ನು ಕಪ್ಪೆಗೂ ಮಾಡಿದ್ದಳು. ನಾನು ಆ ಹೊತ್ತಿನಲ್ಲಿ ಹೊರಗಡೆ ನಿಂತು ಮನೆಗೆ ಫೋನು ಮಾಡುತ್ತಿರುತ್ತಿದ್ದೆ. ಹೆಲೆನ್ ಓದಿದ್ದ ಹತ್ತೊಂಬತ್ತು ನಿಯಮಗಳಲ್ಲಿ ಹನ್ನೊಂದನೆಯದು, ಹುಳು ಹಾಕುವ ಕ್ಷಣ ಬಿಟ್ಟು ಮುಚ್ಚಳವನ್ನು ಎಂದೂ ತೆರೆದಿಡಬಾರದು ಎಂದು.

"ಅವಳಿಗೆ ನಿಯಮ ಗೊತ್ತಿತ್ತಲ್ಲವೇ?" ಎಂದಳು ಹೆಲೆನ್.

"ಮರೆತಿರಬೇಕು" ಎಂದೆ.

ಒಂದು ವರದಿ ಬರೆಯಲೇಬೇಕಿತ್ತು. ಹೊರಗಿನಿಂದ ಬಂದ ಕೆಲಸಗಾರ್ತಿ ಸೂಚನೆ ಪಾಲಿಸಲಿಲ್ಲ ಎಂದು ಹೆಲೆನ್ ಬರೆದಳು. ಕೆಳಗೆ ಅಕ್ಕ ಕನ್ನಡದಲ್ಲಿ ಸಾಕಮ್ಮ ಎಂದು ಒತ್ತಿ ಬರೆದಳು. ಏನು ಬರೆದಿದೆ ಎಂದು ನನ್ನನ್ನು ಕೇಳಲಿಲ್ಲ. ಅಂದಿನಿಂದ ಅವಳಿಗೆ ಕಪ್ಪೆ ಕೋಣೆಗೆ ಪ್ರವೇಶವಿಲ್ಲ.

ಹುಡುಕಾಟ

ಮೂರು ದಿನ ಹುಡುಕಿದೆವು. ಹೆಲೆನ್ ಬಾಗಿಲ ಸಂದಿಗೆಲ್ಲ ಒದ್ದೆ ಟವೆಲ್ ತುರುಕಿದಳು. ಚರ್ಮ ಒಣಗಿದರೆ ಈ ಕಪ್ಪೆ ಬದುಕುವುದಿಲ್ಲ. ನಾನು ಹೊಟ್ಟೆಯ ಮೇಲೆ ಮಲಗಿ ಬೀರುಗಳ ಅಡಿಗೆ ಬ್ಯಾಟರಿ ಬಿಟ್ಟೆ. ಒಂದು ಬಟನ್ನು, ಎರಡು ಪೆನ್ನು, ಯಾವ ಕಾಲದ್ದೋ ಒಂದು ಬಿಸ್ಕತ್ತು ಸಿಕ್ಕವು. ಐವತ್ತರ ವಯಸ್ಸಿನಲ್ಲಿ ಪರದೇಶದ ನೆಲ ಒರೆಸುತ್ತ ಬೂಟು ಹಾಕಿಕೊಂಡು ಮಲಗಿದ್ದೇನಲ್ಲ ಎಂದು ಕಪ್ಪೆಯ ಮೇಲೆ, ಹೆಲೆನ್ ಮೇಲೆ, ತಡ ಮಾಡಿದ ತೋಟಗಾರನ ಮೇಲೆ ಸಿಟ್ಟು ಬಂತು. ಬರಬೇಕಿದ್ದ ನನ್ನೊಬ್ಬಳನ್ನು ಬಿಟ್ಟು ಎಲ್ಲರ ಮೇಲೂ ಬಂತು.

ಅಕ್ಕ ಪರದೆಯಾಚೆ ತನ್ನ ಹುಳುಗಳ ಜೊತೆ ಇದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು. ಒಮ್ಮೆ ಮಾತ್ರ ಹೇಳಿದಳು: "ಅದು ನೀರ್ಗೆ ಹೋಗಿಲ್ಲ ಕಣವ್ವ. ತಂಪ್ಗೆ ಹೋಗೈತೆ."

ಹನ್ನೆರಡನೇ ದಿನ ಮಧ್ಯಾಹ್ನ ಪರದೆಯ ಸಂದಿಯಿಂದ ನನ್ನನ್ನು ಕರೆದಳು. ಎಲ್ಲಕ್ಕಿಂತ ಕೆಳಗೆ ಒಂದು ತಟ್ಟೆಯಲ್ಲಿ ಹಿಂದೆ ಬಿದ್ದ ಹುಳುಗಳನ್ನು ಇಟ್ಟಿದ್ದಳು. ತಡವಾಗಿ ಮೊಟ್ಟೆಯೊಡೆದವು, ಸೊರಗಿದವು. ಪುಸ್ತಕದ ಪ್ರಕಾರ ಅವನ್ನು ಎಸೆಯಬೇಕು. ಅಕ್ಕ ಎಂದೂ ಎಸೆದವಳಲ್ಲ.

"ಈ ತಟ್ಟೇಲಿ ಎಲ್ಡ್ ದಿನದಿಂದ ಸೊಪ್ಪು ಮಿಗ್ತಾ ಐತೆ. ರೋಗ ಬಂತೇನೋ ಅಂತ ಹೆದ್ರುಕಂಡು ಯಾರ್ಗೂ ಹೇಳ್ನಿಲ್ಲ. ಇವತ್ತು ಹಾಸ್ಗೆ ತಗ್ದು ಕಸ ಬಳ್ಯೋಣ ಅಂತ ನೋಡುದ್ರೆ ಹುಳಾನೇ ಇಲ್ಲ. ಸತ್ತವೂ ಇಲ್ಲ. ಇಲ್ನೋಡು."

ಹಾಳೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಎತ್ತಿದಳು. ಸ್ಪಾಂಜಿನ ಪಟ್ಟಿಗಳೆರಡು ಸೇರುವ ಮೂಲೆಯಲ್ಲಿ, ಮೇಣದ ಹಾಳೆಯ ಒಳಮೈಗೆ ಅಂಟಿಕೊಂಡು, ಹಸಿರಾಗಿ, ಚಪ್ಪಟೆಯಾಗಿ ಏಳಮ್ಮ ಮಲಗಿದ್ದಳು. ಹೊಟ್ಟೆ ಉಬ್ಬಿತ್ತು. ದಿನಕ್ಕೆರಡು ಸಲ ಅಕ್ಕ ಹಾಳೆಯನ್ನು ಅರ್ಧಕ್ಕೆ ಮಡಚಿ ಆ ತಟ್ಟೆಗೆ ಸೊಪ್ಪು ಉದುರಿಸಿದ್ದಾಳೆ, ಎರಡೂ ಸಲ ಇವಳು ಒಂದು ಎಲೆಯಂತೆ ಸುಮ್ಮನಿದ್ದಾಳೆ.

ಅಕ್ಕ ಹಾಳೆಯನ್ನು ಮತ್ತೆ ಮುಚ್ಚಿದಳು. "ಹೆಲೆನ್ನಮ್ಮನ ಕರಿ. ನಾನು ಮುಟ್ಟಂಗಿಲ್ಲ."

ವರದಿ

ಹೆಲೆನ್ ಅತ್ತಳು. ಆಮೇಲೆ ಅಕ್ಕನನ್ನು ತಬ್ಬಿಕೊಂಡಳು. ಅಕ್ಕ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಬದಂತೆ ನಿಂತಿದ್ದಳು. ಕಣ್ಣೊರೆಸಿಕೊಂಡ ಕೂಡಲೇ ಹೆಲೆನ್ ಹಾಳೆಯಡಿಯ ತೇವ ಎಷ್ಟು, ಶಾಖ ಎಷ್ಟು, ಸ್ಪಾಂಜು ಎಷ್ಟು ದಪ್ಪ ಎಂದು ಅಳೆಯಲು ಶುರು ಮಾಡಿದಳು. ಕೊನೆಗೆ ಪಟ್ಟಿಯಲ್ಲಿ ಒಂದು ಹೊಸ ಸಾಲು ಎಳೆದು ಮೇಣದ ಹಾಳೆ ಎಂದು ಬರೆದಳು. ಏಳಮ್ಮನ ಪೆಟ್ಟಿಗೆಯಲ್ಲಿ, ನೀರಿನ ಹೊಂಡದ ಮೇಲೆ, ಅಕ್ಕನಿಂದಲೇ ಒಂದು ತುಂಡು ಹಾಳೆ ಮತ್ತು ಒದ್ದೆ ಸ್ಪಾಂಜು ಕಟ್ಟಿಸಿದಳು.

ವರದಿ ಮಾತ್ರ ಕಡತದಲ್ಲೇ ಇತ್ತು. ಕಪ್ಪೆ ಸಿಕ್ಕಿತಲ್ಲ, ಆ ವರದಿ ಹರಿದುಬಿಡಿ ಎಂದೆ. ಆಗಿದ್ದು ಆಗಿದೆಯಲ್ಲ, ಹೇಗೆ ಹರಿಯುವುದು ಎಂದಳು ಹೆಲೆನ್.

ನಾನು ಪರದೆಯಾಚೆ ನೋಡಿದೆ. ಅಕ್ಕ ಬಗ್ಗಿ ಆ ಖಾಲಿ ತಟ್ಟೆಯನ್ನು ತೊಳೆಯುತ್ತಿದ್ದಳು. "ಅವರು ಮರೆತಿರಲಿಲ್ಲ" ಎಂದೆ. "ಅವರಿಗೆ ನಾನು ಹೇಳಲೇ ಇಲ್ಲ. ನೀವು ಓದಿದ ಹತ್ತೊಂಬತ್ತರಲ್ಲಿ ನಾನು ನಾಲ್ಕು ಹೇಳಿದೆ. ಸುಸ್ತಾಗಿತ್ತು, ಬೇಜಾರಾಗಿತ್ತು."

ಹೆಲೆನ್ ಸಿಟ್ಟಾಗಲಿಲ್ಲ. ಕಡತ ತೆಗೆದು, ಅಕ್ಕನ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದು, ಸೂಚನೆಗಳನ್ನು ಅನುವಾದಿಸಿ ತಿಳಿಸಿರಲಿಲ್ಲ ಎಂದು ಬರೆದು, ಪೆನ್ನನ್ನು ನನ್ನ ಮುಂದೆ ಇಟ್ಟಳು. ಸಹಿ ಹಾಕಿದೆ. ಧನ್ಯವಾದ ಎಂದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಬಸ್ಸಿನಲ್ಲಿ ಅಕ್ಕನಿಗೂ ಹೇಳಿದೆ. ಎಲ್ಲ ಹೇಳಿದೆ, ಮರೆತಿರಬೇಕು ಎಂದಿದ್ದನ್ನೂ ಹೇಳಿದೆ. ಅವಳು ಸೀಟಿನ ಕೆಳಗಿನ ನಾಯಿಯನ್ನು ನೋಡುತ್ತಿದ್ದಳು.

"ನಂಗೊತ್ತಿತ್ತು ಕಣವ್ವ" ಎಂದಳು. "ಅವಮ್ಮ ಅಷ್ಟೊತ್ತು ಓದುದ್ಲು. ನೀನು ನಾಕ್ ಮಾತಲ್ಲಿ ಮುಗುಸ್ಬುಟ್ಟೆ. ಬರೀ ಕೈ ತೊಳ್ಯೋದ್ನ ಅಷ್ಟೊತ್ತು ಓದ್ತಾರಾ ಯಾರಾದ್ರೂ?"

"ಮತ್ತೆ ಯಾಕೆ ಸುಮ್ಮನಿದ್ದೆ? ಹೆಸರು ಯಾಕೆ ಬರೆದೆ?"

"ಮುಚ್ಚಳ ತಗ್ದವ್ಳು ನಾನೇ ತಾನೆ. ಉಳಿದಿದ್ದು ನಿನ್ ಬಾಯಿಂದ ಬರ್ಲಿ ಅಂತ ಬುಟ್ಟಿದ್ದೆ."

ವಾಪಸು

ಮೊಟ್ಟೆಯ ಸುದ್ದಿ ಬಂದದ್ದು ನಾವು ಊರು ಸೇರಿದ ತಿಂಗಳ ಮೇಲೆ, ಆದರೂ ಈಗಲೇ ಹೇಳಿಬಿಡುತ್ತೇನೆ. ಹೆಲೆನ್ ಒಂದು ಫೋಟೊ ಕಳಿಸಿದಳು. ಅಕ್ಕ ಕಟ್ಟಿದ ಮೇಣದ ಹಾಳೆಯ ಅಡಿಯಲ್ಲಿ ತಿಳಿಹಸಿರು ಮಣಿಗಳ ಒಂದು ಗೊಂಚಲು, ಕೆಳಗೆ ನೀರು. ಅಳೆದು ನೆಟ್ಟ ಎಲೆಗಳು ಪಕ್ಕದಲ್ಲಿ ಹಾಗೇ ಇದ್ದವು. ಅಕ್ಕ ಫೋಟೊ ನೋಡಿ, "ಹಾಳೆ ಬದ್ಲಾಯ್ಸಕ್ ಹೇಳು, ಅಂಚು ಹರಿದೈತೆ" ಎಂದಳು. ನಾನು ಹಾಗೆಯೇ ಬರೆದೆ.

ಆದರೆ ನನಗೆ ಮರೆಯಲಾಗದ್ದು ವಾಪಸು ಬರುವ ವಿಮಾನದಲ್ಲಿ ನಡೆದದ್ದು. ಊಟದ ತಟ್ಟೆ ಎತ್ತಿಕೊಂಡು ಹೋದ ಮೇಲೆ ಅಕ್ಕ ಸೀರೆಯ ಮಡಿಕೆಯಿಂದ, ಗರಿಯ ರಸೀದಿಯ ಜೊತೆಗೆ, ಒಂದು ಪ್ಲಾಸ್ಟಿಕ್ ಹಾಳೆ ತೆಗೆದಳು. ಹೆಲೆನ್‌ಳ ಹತ್ತೊಂಬತ್ತು ನಿಯಮ. ಅದನ್ನು ಯಾವಾಗ ಕೇಳಿ ಪಡೆದಳೋ, ಯಾವ ಭಾಷೆಯಲ್ಲಿ ಕೇಳಿದಳೋ ಗೊತ್ತಿಲ್ಲ. ಮಡಚಿದ್ದನ್ನು ಬಿಡಿಸಿ ನನ್ನ ಮಡಿಲಲ್ಲಿಟ್ಟಳು.

"ಓದು."

"ಈಗ ಯಾಕಕ್ಕ? ಎಲ್ಲ ಮುಗೀತಲ್ಲ."

"ನಂಗೆ ಅಂತ ಓದಿದ್ದಲ್ವಾ ಅವಮ್ಮ? ಓದು."

ಒಂದರಿಂದ ಶುರು ಮಾಡಿದೆ. ಇಂಗ್ಲಿಷಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು. ಅವಳು ಒಂದೊಂದಕ್ಕೂ ಹೂಂ ಎನ್ನುತ್ತಿದ್ದಳು. ಆರನೆಯದಕ್ಕೆ, ಇದು ನಮ್ಮಲ್ಲೂ ಮಾಡಬೇಕು ಎಂದಳು. ಮುಂದಿನ ಸೀಟಿನವರು ತಿರುಗಿ ನೋಡಿದರು, ನಾನು ನಿಲ್ಲಿಸಲಿಲ್ಲ. ಹನ್ನೊಂದನೆಯದು ಓದಿದಾಗ ಅಕ್ಕ ಹೂಂ ಎನ್ನಲಿಲ್ಲ. ಕೈ ಎತ್ತಿ ತಡೆದಳು.

"ಅದ್ನ ಇನ್ನೊಂದ್ ಕಿತ ಓದು."

ಹುಳು ಹಾಕುವ ಕ್ಷಣ ಬಿಟ್ಟು ಮುಚ್ಚಳವನ್ನು ಎಂದೂ ತೆರೆದಿಡಬಾರದು ಎಂದು ಇನ್ನೊಂದು ಸಲ ಓದಿದೆ. ಅವಳು ಹೂಂ ಎಂದಳು. ನಾನು ಹನ್ನೆರಡನೆಯದಕ್ಕೆ ಹೋದೆ.